ತಂಗಿಯ ಮಗಳ ರಕ್ತಪರೀಕ್ಷೆ

ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿದವನು ನಾನು. ಪ್ರತಿವರ್ಷ ಆನುವಂಶಿಕತೆಯ ಪಾಠ ಬಂದಾಗ ಬೋರ್ಡಿನ ಮೇಲೆ ನಾಲ್ಕು ಚುಕ್ಕಿ ಇಡುತ್ತಿದ್ದೆ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. "ನಿಮ್ಮ ಅಜ್ಜ ಅಜ್ಜಿಯರು ಎಲ್ಲಿ ಹುಟ್ಟಿದರು, ಮನೆಯಲ್ಲಿ ಯಾವ ಮಾತು ಆಡ್ತಿದ್ದರು, ಬರೀರಿ" ಅನ್ನುತ್ತಿದ್ದೆ. ಆಮೇಲೆ ಚುಕ್ಕಿಗಳ ನಡುವೆ ಗೆರೆ ಎಳೆದು ವಿವರಿಸುತ್ತಿದ್ದೆ. ಭಾಷೆ ಬೇರೆಯಾದರೂ ಅಕ್ಕಪಕ್ಕ ಬಾಳಿದವರ ರಕ್ತ ಬಹಳಷ್ಟು ಸಲ ಹತ್ತಿರವೇ ಇರುತ್ತದೆ. ಆದರೆ ಮದುವೆಗೆ ಬೇಲಿ ಹಾಕಿಕೊಂಡರೆ ಒಂದೇ ಬೀದಿಯವರೂ ಕಾಲಕ್ರಮದಲ್ಲಿ ದೂರವಾಗುತ್ತಾರೆ, ಬೇಲಿಯ ಒಳಗಿನವರು ಒಬ್ಬರಿಗೊಬ್ಬರು ಅತಿಯಾಗಿ ಹತ್ತಿರವಾಗುತ್ತಾರೆ. ಹೀಗೆ ಹೇಳಿ, ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು, ಸ್ಟಾಫ್ ರೂಮಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ನನ್ನ ತಂಗಿಯ ಬದುಕನ್ನು ಹಾಳು ಮಾಡಿದೆ. ಸಾಲದು ಅಂತ, ಕಳೆದ ವರ್ಷ ಅವಳ ಮಗಳ ಮದುವೆಯನ್ನೂ ಮುರಿಯಲು ಹೊರಟೆ. ಅದನ್ನು ಹೇಳುವುದಕ್ಕೇ ಇಲ್ಲಿ ಕೂತಿದ್ದೇನೆ. ಓದಿದವರು ಉಗಿದರೆ ಉಗಿಯಲಿ.

ನಮ್ಮ ಮನೆ ಹೊಳೆನರಸೀಪುರದಲ್ಲಿ, ದೇವಸ್ಥಾನದ ಬೀದಿಯಲ್ಲಿ. ಬೀದಿಯಲ್ಲಿ ಕನ್ನಡ, ಹೊಸಿಲು ದಾಟಿದರೆ ನಮ್ಮದೇ ಒಂದು ಮಾತು. ಎಷ್ಟೋ ತಲೆಮಾರಿನ ಹಿಂದೆ ತಮಿಳು ಸೀಮೆಯಿಂದ ಬಂದವರು ನಾವು ಅಂತ ಹಿರಿಯರು ಹೇಳುತ್ತಿದ್ದರು. ಆ ಮಾತು ಈಗ ತಮಿಳರಿಗೂ ಅರ್ಧಂಬರ್ಧ, ಕನ್ನಡದವರಿಗೂ ಅರ್ಧಂಬರ್ಧ. ಅದರಲ್ಲಿ ಯಾರೂ ಕಾಗದ ಬರೆಯುವುದಿಲ್ಲ, ಪತ್ರಿಕೆ ಬರುವುದಿಲ್ಲ, ಆಡುವ ಬಾಯಿ ಇರುವಷ್ಟು ದಿನ ಉಂಟು. ಅದಕ್ಕೇ ನಮ್ಮ ಅಮ್ಮನಿಗೆ ಅದರ ಮೇಲೆ ಪ್ರಾಣ. ಸೊಸೆಯಾಗಿ ಬಂದವಳು ಕನ್ನಡದಲ್ಲಿ ಉಪ್ಪು ಕೇಳಿದರೂ ಅಮ್ಮ ಕೇಳಿಸದವರ ಹಾಗೆ ಕೂತುಬಿಡುತ್ತಿದ್ದರು. ನನ್ನ ಹೆಂಡತಿಯನ್ನೇ ಕೇಳಿ, ಹೇಳುತ್ತಾಳೆ.

ಎದುರು ಮನೆಯವರು ಶೈವರು, ಕೊಬ್ಬರಿ ವ್ಯಾಪಾರದವರು. ಆ ಮನೆಯ ಸೊಸೆಗೆ ದಂಡಿಗನಹಳ್ಳಿ ತವರು. ಅವಳ ತಮ್ಮ ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಮೇಷ್ಟ್ರು. ಅಕ್ಕನ ಮನೆಗೆ ಬಂದು ಹೋಗುವಾಗ ಅವನಿಗೂ ನನ್ನ ತಂಗಿಗೂ ಮನಸ್ಸು ಕೂಡಿತು. ನಮ್ಮ ಅಪ್ಪ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಮನೆಗೆ ದೊಡ್ಡವನು ನಾನು, ಮೂವತ್ತು ವರ್ಷದವನು, ಹೊಸದಾಗಿ ಕೆಲಸ ಸಿಕ್ಕಿದ ಕೊಬ್ಬು ಬೇರೆ. ಹುಡುಗ ಕದ್ದು ಮುಚ್ಚಿ ಏನೂ ಮಾಡಲಿಲ್ಲ. ತಂದೆಯನ್ನು ಮುಂದಿಟ್ಟುಕೊಂಡು, ಹಣ್ಣು ಕಾಯಿ ಹಿಡಿದು, ಮರ್ಯಾದೆಯಿಂದ ಮನೆಗೆ ಬಂದ.

ನಾನು ಕೂರಿಸಿ ಕೇಳಿದೆ: "ನಿಮ್ಮ ಹುಡುಗನಿಗೆ ನಮ್ಮ ಮಾತಲ್ಲಿ ಒಂದು ಲೋಟ ನೀರು ಕೇಳೋಕೆ ಬರುತ್ತಾ?"

"ಕಲ್ತ್ಕತಾನೆ ಬುಡಿ ಸ್ವಾಮಿ, ಅದೇನ್ ಮಹಾ ವಿದ್ಯೆ" ಅಂದರು ಅವನ ತಂದೆ.

ಹುಡುಗ ಕೆಂಪಗಾಗಿ, ತಲೆ ತಗ್ಗಿಸಿಕೊಂಡೇ ನಮ್ಮ ಮಾತಿನಲ್ಲಿ ಒಂದು ಲೋಟ ನೀರು ಕೇಳಿದ. ಒಂದಕ್ಷರ ತಪ್ಪಿರಲಿಲ್ಲ. ತಂಗಿ ಕಲಿಸಿದ್ದಳು. ಬಾಗಿಲ ಹಿಂದೆ ಅವಳು ನಿಂತಿದ್ದು ನನಗೆ ಗೊತ್ತಿತ್ತು, ಅವಳಿಗೂ ಕೇಳಲಿ ಅಂತಲೇ ನಾನು ಜೋರಾಗಿ ನಕ್ಕೆ.

"ಗಿಳೀನೂ ಮಾತು ಕಲಿಯುತ್ತೆ. ರಕ್ತ ಕಲಿಯೋಕಾಗುತ್ತಾ? ನಿಮ್ಮದೇ ಬೇರೆ, ನಮ್ಮದೇ ಬೇರೆ."

ನೀರು ಕೊಡಲಿಲ್ಲ. ಅವರು ತಂದಿದ್ದ ಹಣ್ಣು ಕಾಯಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಅಮ್ಮ ಅದನ್ನು ಕೆಲಸದವಳಿಗೆ ಕೊಟ್ಟರು.

ಅದಾಗಿ ಮೂರು ತಿಂಗಳಿಗೆ ತಂಗಿಯನ್ನು ಅಮ್ಮನ ಕೊನೆಯ ತಮ್ಮನಿಗೆ ಕೊಟ್ಟೆವು. ಅವರದೂ ಹೊಳೆನರಸೀಪುರವೇ, ಎರಡು ಬೀದಿ ಆಚೆ. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ, ಸುತ್ತಮುತ್ತಲ ಯಾವ ಜಾತಿಯಲ್ಲೂ ಹೊಸದಲ್ಲ. ಅಮ್ಮನ ಲೆಕ್ಕ ಸುಲಭವಾಗಿತ್ತು: ಹೆಣ್ಣು ಹೊರಗೆ ಹೋದರೆ ಅವಳ ಮಕ್ಕಳ ಬಾಯಲ್ಲಿ ನಮ್ಮ ಮಾತು ಸಾಯುತ್ತದೆ, ಒಳಗೇ ಕೊಟ್ಟರೆ ಉಳಿಯುತ್ತದೆ. ನಾನು ಹೂಂಗುಟ್ಟಿದೆ.

ಆಗ ನನ್ನ ಪಾಠದ ನೋಟ್ಸನ್ನು ತಂಗಿಯೇ ಅಚ್ಚುಕಟ್ಟಾಗಿ ನಕಲು ಮಾಡಿಕೊಡುತ್ತಿದ್ದಳು, ಅವಳ ಅಕ್ಷರ ಅಷ್ಟು ದುಂಡಗೆ. ಮದುವೆಗೆ ಹದಿನೈದು ದಿನ ಇರುವಾಗ ಒಂದು ಪುಟ ಹಿಡಿದುಕೊಂಡು ಬಂದಳು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅಡಗಿ ಕೂತ ಒಂದೇ ದೋಷ ಮಗುವಿನಲ್ಲಿ ಜೊತೆಗೂಡಬಹುದು ಅಂತ ನಾನೇ ಬರೆದಿದ್ದ ಪುಟ ಅದು.

"ಅಣ್ಣ, ಇದು ನಿಜ ಏನೋ?"

"ಅದು ಬಟಾಣಿ ಗಿಡದ ಪಾಠ ಕಣೇ. ಹೋಗು, ರವಿಕೆಗೆ ಅಳತೆ ಕೊಟ್ಟು ಬಾ" ಅಂದೆ.

ಮರುವರ್ಷ ಮಗಳು ಹುಟ್ಟಿದಳು. ನನಗೆ ಅವಳು ತಂಗಿಯ ಮಗಳು, ಸೋದರಮಾವನ ಮಗಳೂ ಹೌದು. ಹೆಣ್ಣು ಅಂದರೆ ಚಿನ್ನದ ಗೊಂಬೆ ಹಾಗಿತ್ತು. ಅಮ್ಮ ದಿನವೂ ಹೋಗಿ ತೊಡೆಯ ಮೇಲೆ ಹಾಕಿಕೊಂಡು ನಮ್ಮ ಮಾತಿನಲ್ಲಿ ಲಾಲಿ ಹಾಡುವುದು, ಕತೆ ಹೇಳುವುದು. ಮಗು ನಗುತ್ತಿತ್ತು, ಮುಖ ನೋಡಿ. ಒಂದೂವರೆ ವರ್ಷ ಆದರೂ ಒಂದು ಮಾತಿಲ್ಲ. ಒಂದು ದಿನ ಮಗುವಿನ ಬೆನ್ನ ಹಿಂದೆ ಅಟ್ಟದಿಂದ ಹಿತ್ತಾಳೆ ಪರಾತ ಬಿತ್ತು. ಎಲ್ಲರೂ ಬೆಚ್ಚಿದೆವು. ಮಗು ಗೊಂಬೆಯ ಕೂದಲು ಬಾಚುತ್ತಲೇ ಇತ್ತು. ನನಗೆ ಆ ಕ್ಷಣವೇ ತಿಳಿಯಿತು. ತಂಗಿ ನನ್ನ ಮುಖ ನೋಡಿದಳು, ನಾನು ಪರಾತ ಎತ್ತಿಡಲು ಬಗ್ಗಿದೆ.

ಅಮ್ಮ ಏನು ಮಾಡಿದರು ಅಂತೀರಿ? ಮಗಳನ್ನೇ ಬೈದರು. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಾಳೆ ಅಂದರು, ಇನ್ನೂ ಆ ಮೇಷ್ಟ್ರನ್ನೇ ನೆನೆಸಿಕೊಂಡು ಕೊರಗಿದ್ದಕ್ಕೆ ಹೀಗಾಯಿತು ಅಂದರು. ನಾನು ಅಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ಬಾಯಿ ಬಿಟ್ಟು "ಅಮ್ಮ, ಅದು ಹಾಗಲ್ಲ" ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ಮುಂದಿನ ಪ್ರಶ್ನೆ ನನ್ನ ಮೇಲೇ ಬರುತ್ತಿತ್ತು.

ಮಗುವನ್ನು ಮೈಸೂರಿನ ಒಂದು ಕಿವುಡು ಮಕ್ಕಳ ಶಾಲೆಗೆ ಸೇರಿಸಿದರು. ತಂಗಿಯೂ ಅಲ್ಲೇ ಬಾಡಿಗೆ ಕೋಣೆ ಹಿಡಿದು ಮಗಳ ಜೊತೆ ಸನ್ನೆಯ ಮಾತು ಕಲಿತಳು. ರಜಕ್ಕೆ ಬಂದಾಗ ತಾಯಿ ಮಗಳು ಜಗಲಿಯಲ್ಲಿ ಕೂತು ಕೈಯಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರು, ನಗುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು. ಅಮ್ಮನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಕೋತಿ ಚೇಷ್ಟೆ" ಅನ್ನುತ್ತಿದ್ದರು. ನಾನು ಒಂದು ಸನ್ನೆಯನ್ನೂ ಕಲಿಯಲಿಲ್ಲ. ಹುಡುಗಿಗೆ ಏನಾದರೂ ಹೇಳಬೇಕಾದರೆ ತಂಗಿಗೆ ಹೇಳುತ್ತಿದ್ದೆ, ಅವಳು ಕೈಯಾಡಿಸುತ್ತಿದ್ದಳು. ಇಪ್ಪತ್ತೈದು ವರ್ಷ ಹೀಗೇ ಹೋಯಿತು. ನಡುವೆ ತಂಗಿಯ ಗಂಡ ತೀರಿಕೊಂಡರು. ಪಾಪ, ಸಾಧು ಮನುಷ್ಯ. ಆ ಮನೆಗೂ ನಾನೇ ಹಿರಿಯ ಅನ್ನಿಸಿಕೊಂಡೆ.

ಓದು ಮುಗಿಸಿ ಹುಡುಗಿ ಹಾಸನದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದಳು. ಹೊಲಿಗೆ ಮಿಷನ್ ರಿಪೇರಿ ಮಾಡುವ ಹುಡುಗನೊಬ್ಬ ಅಲ್ಲೇ ಇದ್ದ. ಅವನಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅರಕಲಗೂಡು ಕಡೆಯವನು, ಶುಂಠಿ, ಹೊಗೆಸೊಪ್ಪು ಬೆಳೆಯುವ ಮನೆ, ಶೈವರು. ಇಬ್ಬರೂ ಮದುವೆಯಾಗುತ್ತೇವೆ ಅಂದರು. ತಂಗಿ ಒಪ್ಪಿದಳು. ಅಮ್ಮ, ಎಂಬತ್ತೈದು ದಾಟಿದವರು, ಅನ್ನ ಬಿಟ್ಟು ಕೂತರು. ನಮ್ಮವರಲ್ಲೇ ಹೆಂಡತಿ ಸತ್ತ ಒಬ್ಬ ನಲವತ್ತರವನನ್ನು ಅವರು ಆಗಲೇ ಗೊತ್ತುಮಾಡಿ ಇಟ್ಟಿದ್ದರು. "ಇವಳ ಹೊಟ್ಟೇಲಿ ಹುಟ್ಟಿದ್ದಾದರೂ ನಮ್ಮ ಮಾತು ಆಡಲಿ" ಅಂತ.

ಹುಡುಗನ ತಂದೆ ತಾಯಿ ಹಾಸನದಲ್ಲಿ ನನ್ನ ಮನೆಗೆ ಬಂದರು. ಆ ಮನುಷ್ಯ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದ.

"ಸಾ, ಇಬ್ರೂವೆ ಒಪ್ಕಂಡವ್ರೆ. ನೀವು ದೊಡ್ಡೋರು, ಒಂದ್ ಮಾತು ಊಂ ಅನ್ಬುಡಿ" ಅಂದ.

ಈ ಸಲ ನಾನು ಭಾಷೆಯ ಮಾತು ಎತ್ತಲಿಲ್ಲ. ಕಾಲ ಬದಲಾಗಿದೆ, ಬಾಯಿಬಿಟ್ಟು ಜಾತಿ ಅಂದರೆ ನನಗೇ ನಾಚಿಕೆ. ವಿಜ್ಞಾನ ಹಿಡಿದುಕೊಂಡೆ. "ಇಬ್ಬರಿಗೂ ರಕ್ತಪರೀಕ್ಷೆ ಆಗಲಿ. ಇಬ್ಬರ ಕಿವುಡಿಗೂ ಕಾರಣ ಒಂದೇನಾ, ಬೇರೆಬೇರೇನಾ ಗೊತ್ತಾಗಬೇಕು. ಒಂದೇ ಆಗಿದ್ದರೆ ಈ ಮದುವೆ ಬೇಡ" ಅಂದೆ. ಎಷ್ಟು ದಿನ ಎಳೆದರೆ ಅಷ್ಟು ಒಳ್ಳೆಯದು, ಪರೀಕ್ಷೆ ಅಂದರೇ ಹಳ್ಳಿಯವರು ಹೆದರಿ ಓಡಿಹೋಗುತ್ತಾರೆ ಅಂತ ನನ್ನ ಅಂದಾಜು.

"ಆಗ್ಲಿ ಸಾ, ಮಾಡ್ಸಾನ ಬುಡಿ" ಅಂದ ಆತ. ಹೆದರಲೇ ಇಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಮೊದಲು ಎರಡೂ ಮನೆಯ ವಂಶವೃಕ್ಷ ಬರೆದುಕೊಂಡರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ಹುಡುಗನ ತಂದೆ ಹೆಂಡತಿಯನ್ನು ತೋರಿಸಿ ಸಂಕೋಚದಿಂದ ಹೇಳಿದ, "ನಮ್ದೂ ಅಂಗೇ ಅಮ್ಮ. ಇವ್ಳು ನನ್ ಅಕ್ಕನ್ ಮಗಳೇಯ." ಅಲ್ಲೂ ಜೋಡಿ ಗೆರೆ ಬಿತ್ತು. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಯಾವುದು ನಮ್ಮದು, ಯಾವುದು ಅವರದು ಅಂತ ನಾನೇ ಒಂದು ಕ್ಷಣ ತಡವರಿಸಿದೆ.

ಡಾಕ್ಟರಮ್ಮ ತಂಗಿಯ ಕಡೆ ತಿರುಗಿದರು. "ನಿಮಗೆ ಮದುವೆಗೆ ಮುಂಚೆ ಇದರ ಬಗ್ಗೆ ಯಾರೂ ಹೇಳಲಿಲ್ವಾ? ಮನೆಯಲ್ಲಿ ಓದಿದವರು ಯಾರೂ ಇರಲಿಲ್ವಾ?"

ತಂಗಿಯ ಉತ್ತರಕ್ಕೆ ಕಾಯದೆ ನಾನು ಹೇಳಿದೆ: "ಇಲ್ಲ ಮೇಡಂ. ಆಗೆಲ್ಲ ಯಾರಿಗೆ ಗೊತ್ತಿತ್ತು?"

ತಂಗಿ ನನ್ನನ್ನು ನೋಡಿದಳು. ಕೈಚೀಲದ ಜಿಪ್ಪು ಎಳೆದು ಮುಚ್ಚಿದಳು. ಅವಳು ಅಲ್ಲೇ ನನ್ನ ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೆಲವು ವಾರ ಬಿಟ್ಟು ಫಲಿತಾಂಶ ಬಂತು. ಕೇಳಲು ನಾನೂ ತಂಗಿಯೂ ಹೋದೆವು. ಇಬ್ಬರಲ್ಲೂ ಒಂದೇ ಜೀನು, ಒಂದೇ ಕಡೆ, ಒಂದೇ ಅಕ್ಷರ ತಪ್ಪು. ತಂದೆಯಿಂದ ಬಂದದ್ದೂ ಅದೇ, ತಾಯಿಯಿಂದ ಬಂದದ್ದೂ ಅದೇ.

"ಅದು ಹೇಗೆ ಸಾಧ್ಯ?" ಅಂದೆ. ನಿಜಕ್ಕೂ ಬೆಚ್ಚಿದ್ದೆ. "ನಾವು ತಮಿಳು ಕಡೆಯಿಂದ ಬಂದವರು. ಅವರು ಇಲ್ಲಿಯ ರೈತರು. ನಮಗೂ ಅವರಿಗೂ ಎಲ್ಲಿಯ ಸಂಬಂಧ?"

ಡಾಕ್ಟರಮ್ಮ ನಕ್ಕರು. "ಸರ್, ಇದು ತುಂಬ ಹಳೇ ತಪ್ಪು. ನಮ್ಮ ದೇಶದಲ್ಲಿ ಬೇರೆಬೇರೆ ಜನರಲ್ಲಿ ಕಾಣಿಸುತ್ತೆ. ಎಂದೋ, ಯಾರೋ ಒಬ್ಬರೇ ಹಿರಿಯರಿಂದ ಎರಡೂ ಮನೆಗೆ ಇಳಿದುಬಂದಿರಬಹುದು. ಆಗ ಈ ಭಾಷೆಗಳೂ ಹೀಗಿರಲಿಲ್ಲ, ಈ ಜಾತಿಗಳೂ ಇದ್ದವೋ ಇಲ್ಲವೋ. ಅದೂ ಅಲ್ಲದೆ ಇಲ್ಲಿಗೆ ಬಂದ ನಿಮ್ಮವರು ಎಷ್ಟು ಜನ, ಬಂದ ಮೇಲೆ ಯಾವ ಮನೆಯ ಹೆಣ್ಣು ತಂದರು, ಯಾರು ಬಲ್ಲರು? ಮಾತನ್ನ ತಾಯಿ ಹತ್ರಾನೂ ಕಲೀಬಹುದು, ಅತ್ತೆ ಹತ್ರಾನೂ ಕಲೀಬಹುದು. ರಕ್ತ ಹಾಗಲ್ಲ. ಒಂದು ಅಕ್ಷರ ನೋಡಿ ನಿಮ್ಮ ಪೂರ್ತಿ ವಂಶದ ಕತೆ ಹೇಳೋಕಾಗಲ್ಲ. ಆದರೆ ಪೂರ್ತಿ ಬೇರೆ ಅಂತಂತೂ ಹೇಳಬೇಡಿ."

ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ನಾಚಿಕೆಯ ಬೆನ್ನಿಗೇ ಖುಷಿಯೂ ಆಯಿತು. ಇಬ್ಬರದೂ ಒಂದೇ ತಪ್ಪಾದರೆ ಅವರಿಗೆ ಹುಟ್ಟುವ ಮಕ್ಕಳೆಲ್ಲ ಕಿವುಡರೇ. ಮದುವೆ ಮುರಿಯಲು ಇದಕ್ಕಿಂತ ಬೇರೆ ಅಸ್ತ್ರ ಬೇಕೇ?

ಮುಂದಿನ ಭಾನುವಾರ ತಂಗಿಯ ಮನೆಯಲ್ಲಿ ಎರಡೂ ಕಡೆಯವರನ್ನು ಸೇರಿಸಿದೆ. ನಡುಮನೆಯಲ್ಲಿ ಚಾಪೆಯ ಮೇಲೆ ಹುಡುಗ, ಅವನ ತಂದೆ ತಾಯಿ. ಎದುರಿಗೆ ತಂಗಿ, ಅವಳ ಮಗಳು. ಅಮ್ಮ ಮಂಚದ ಮೇಲೆ. ನಾನು ಕುರ್ಚಿಯಲ್ಲಿ. ಕಾಗದ ಬಿಚ್ಚಿ ಪಾಠ ಹೇಳುವ ದನಿಯಲ್ಲೇ ಹೇಳಿದೆ.

"ಎಲ್ಲಾ ಮಕ್ಳೂನಾ ಸಾ?" ಅಂದ ಹುಡುಗನ ತಂದೆ. ಅವನ ಮುಖ ಇಳಿದುಹೋಗಿತ್ತು.

"ಎಲ್ಲಾ. ಒಂದೂ ತಪ್ಪಿಸಿಕೊಳ್ಳಲ್ಲ. ಎಷ್ಟು ಹೆತ್ತರೆ ಅಷ್ಟೂ. ನಿಮ್ಮ ಮನೆ ಅಂಗಳದಲ್ಲಿ ಮೂಗರ ಸಂತೆ ನೆರೆಯುತ್ತೆ, ನೋಡ್ತಾ ಕೂತ್ಕೊಳಿ."

ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮ್ಮ ಮಂಚದ ಮೇಲಿಂದ ನಮ್ಮ ಮಾತಿನಲ್ಲಿ, "ಭೇಷ್, ಹೀಗೆ ಹೇಳು" ಅಂದರು. ತಂಗಿ ಮಾತ್ರ ನಿಧಾನವಾಗಿ, ಒಂದೂ ಬಿಡದೆ, ಸಂತೆಯ ಮಾತನ್ನೂ ಬಿಡದೆ, ಕೈಯಲ್ಲಿ ಮಗಳಿಗೂ ಆ ಹುಡುಗನಿಗೂ ತಿಳಿಸಿದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹುಡುಗಿ ನಕ್ಕಳು. ಜೋರಾಗಿ, ಗಂಟಲಿನಿಂದ, ತನ್ನ ನಗು ತನಗೇ ಕೇಳದವರು ನಗುವ ಹಾಗೆ. ಹುಡುಗನೂ ನಕ್ಕ. ಅವಳ ಕೈಗಳು ಓಡಿದವು.

"ಏನಂತೆ?" ಅಂದೆ.

ತಂಗಿ ನನ್ನ ಕಡೆ ನೋಡದೆ, ಹುಡುಗನ ತಂದೆ ತಾಯಿಯ ಕಡೆ ತಿರುಗಿ ಹೇಳಿದಳು. "ಸದ್ಯ, ಅಂತಿದಾಳೆ. ಕಿವಿ ಕೇಳೋ ಮಗು ಹುಟ್ಟಿದ್ರೆ ಅಜ್ಜಿ, ಮಾವ ಸೇರಿ ಅದನ್ನ ತಮ್ಮ ಕಡೆ ಎಳ್ಕೊಂಡು ತಮ್ಮ ಮಾತು ಕಲಿಸಿಬಿಡ್ತಿದ್ರು. ಅದೂ ದೊಡ್ಡದಾಗಿ ಅವಳ ಮುಂದೆ ಸುಮ್ನೆ ಬಾಯಿ ಆಡಿಸೋದು. ಅದೊಂದೇ ಭಯ ಇತ್ತಂತೆ. ಇನ್ನು ಭಯ ಇಲ್ವಂತೆ. ಅವಳ ಮನೇಲಿ ಎಲ್ಲರೂ ಅವಳ ಜೊತೆ ಮಾತಾಡ್ತಾರಂತೆ."

ಹುಡುಗನ ತಾಯಿ ಬಾಯಿಗೆ ಒತ್ತಿದ್ದ ಸೆರಗು ತೆಗೆದಳು.

"ಇವನ್ನ ಇಪ್ಪತ್ತೆಂಟ್ ವರ್ಸ ಸಾಕಿವ್ನಿ ಸಾ. ಇಂತವೇ ಇನ್ನೆರಡು ಉಟ್ಟುದ್ರೆ ಎತ್ಕಳಾಕೆ ನನ್ ಕೈ ನೋಯ್ತಾವಾ? ಇವನ ಸನ್ನೆ ನಂಗೂ ಬತ್ತದೆ. ಮದುವೆ ನಡೀಲಿ" ಅಂದಳು. ಗಂಡನನ್ನು ಕೇಳಲೂ ಇಲ್ಲ.

ನನಗೆ ಉಳಿದಿದ್ದು ಒಂದೇ ಪಟ್ಟು. ಹೆಣ್ಣನ್ನು ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ, ಅಂದರೆ ನಾನು. "ನಾನು ಬರಲ್ಲ. ಸೋದರಮಾವ ಇಲ್ಲದೆ ಅದೆಂಥ ಮದುವೆ ಮಾಡ್ತೀರೋ ಮಾಡಿ" ಅಂದೆ.

ತಂಗಿ ಎದ್ದು ನಿಂತಳು. ನಮ್ಮ ಮನೆಮಾತು ಬಿಟ್ಟು ಕನ್ನಡದಲ್ಲಿ ಅವಳು ನನ್ನ ಜೊತೆ ಆಡಿದ್ದು ಅದೇ ಮೊದಲು. "ನಿಮ್ಮನ್ನ ಯಾರು ಕರೆದ್ರು? ಇವಳು ಹುಟ್ಟಿದ ಮೇಲೆ ಒಂದು ದಿನ, ಒಂದೇ ಒಂದು ದಿನ, ಊಟ ಆಯ್ತಾ ಅಂತ ಇವಳನ್ನ ಕೇಳಿದೀರಾ? ಕೇಳೋದಾದ್ರೂ ಹೇಗೆ ಅಂತ ಗೊತ್ತಾ ನಿಮಗೆ? ಕಾಗದ ಮಡಚಿಕೊಂಡು ಹೊರಡಿ."

"ನೀನು" ಹೋಗಿ "ನೀವು" ಆಗಿತ್ತು. ಅಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹಾಸನದ ಬಸ್ಸು ಹತ್ತಿದೆ.

ಮದುವೆ ಅರಕಲಗೂಡಿನ ಒಂದು ಛತ್ರದಲ್ಲಿ ನಡೆಯಿತು. ತಂಗಿ ಕರೆಯಲಿಲ್ಲ. ಹುಡುಗನ ತಂದೆಯೇ ಮರ್ಯಾದೆಗೆ ಒಂದು ಕಾರ್ಡು ಕಳಿಸಿದ್ದ. ಹೋಗಬಾರದು ಅಂದುಕೊಂಡವನು ಬೆಳಿಗ್ಗೆ ಎದ್ದು ಶರ್ಟು ಇಸ್ತ್ರಿ ಮಾಡಿಕೊಂಡು ಹೊರಟೇಬಿಟ್ಟೆ. ಯಾರಾದರೂ ನೋಡಿ ಮುಂದಕ್ಕೆ ಕರೆದಾರು ಅನ್ನುವ ಆಸೆ, ಇಲ್ಲ ಅನ್ನಲಾರೆ. ಛತ್ರದ ತುಂಬ ಅವರ ಶಾಲೆಯ, ಕೆಲಸದ ಗೆಳೆಯರು. ಗಲಾಟೆಯೇ ಇಲ್ಲದ ಗಲಾಟೆ. ಈ ಮೂಲೆಯಿಂದ ಆ ಮೂಲೆಗೆ ಕೈಯಲ್ಲೇ ತಮಾಷೆ ಮಾಡುತ್ತಿದ್ದರು. ತಂಗಿ ತಾನೇ ಮಗಳ ಕೈಹಿಡಿದು ಹಸೆಗೆ ಕರೆತಂದಳು. ದಾಟಿ ಹೋಗುವಾಗ ನನ್ನನ್ನು ನೋಡಿದಳು, ಗುರುತಿಲ್ಲದವರನ್ನು ನೋಡಿದ ಹಾಗೆ.

ಊಟಕ್ಕೆ ಕೂತೆ. ಎಡಕ್ಕೂ ಬಲಕ್ಕೂ ಕಿವಿ ಕೇಳದವರೇ, ಎಲೆಯ ಮೇಲೆ ಬಗ್ಗಿಕೊಂಡೇ ಕೈಮಾತು ನಡೆಸಿದ್ದರು. ಹುಡುಗನ ಊರಿನ ಇಬ್ಬರು ನಡುವಯಸ್ಸಿನವರು ಬಡಿಸುತ್ತಾ ಬಂದರು. ಮುಂದಿನವನು ನನ್ನ ಎಲೆಯ ಹತ್ತಿರ ನಿಂತು, ಸಾರಿನ ಬಕೆಟ್ಟು ತೋರಿಸಿ, ಹುಬ್ಬು ಹಾರಿಸಿ, ಕೈಯಲ್ಲಿ ಏನೋ ಕೇಳಿದ. ಬೇಕೇ ಅಂದನೋ, ಸಾಕೇ ಅಂದನೋ, ತಿಳಿಯಲಿಲ್ಲ. ಸುಮ್ಮನೆ ಅವನ ಮುಖ ನೋಡಿದೆ. ಅವನು ಇನ್ನೊಮ್ಮೆ ನಿಧಾನವಾಗಿ ಕೈಯಾಡಿಸಿದ, ಚಿಕ್ಕ ಮಗುವಿಗೆ ತೋರಿಸುವ ಹಾಗೆ. ಆಮೇಲೆ ಹಿಂದಿನವನ ಕಡೆ ತಿರುಗಿದ.

"ಇವ್ರೂ ಮೂಗ್ರು ಕಣ್ಲಾ. ಪಾಪ, ಸನ್ನೇನೂ ಬರಾಕಿಲ್ಲ ಇವ್ರಿಗೆ. ಯಾರೂ ಕಲಿಸ್ಲಿಲ್ಲ ಅಂತ ಕಾಣ್ತದೆ."

ನನಗೆ ಚೆನ್ನಾಗಿ ಕೇಳಿಸಿತು. ಅವನು ಸಾರು ಬಡಿಸಿದ, ನಾನು ಉಂಡೆ.